ಬೊಲೆರೊ ಹಿಂದೆ ಎಳೆಯುವ ಸಣ್ಣ ಟ್ರೈಲರ್‌ಗೆ ಯಾವ ಟೈರ್ ಹಾಕಿಸೋದು?

ಭೋಸರಿ ಪಂಪ್‌ಸೆಟ್

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿಯಲ್ಲಿ ನಮ್ಮದು ಬೋರ್‌ವೆಲ್ ಪಂಪ್ ರಿಪೇರಿ ಕೆಲಸ. ಬೊಲೆರೊ ಕ್ಯಾಂಪರ್ ಹಿಂದೆ ಒಂದು ಸಣ್ಣ ಟ್ರೈಲರ್ ಎಳೆಯುತ್ತೇವೆ. ಒಂದೇ ಆಕ್ಸಲ್, ಎರಡು ಚಕ್ರ, ಪಟ್ಟಿ ಸ್ಪ್ರಿಂಗ್. ಜನರೇಟರ್, ವೆಲ್ಡಿಂಗ್ ಸೆಟ್, ಚೈನ್ ಪುಲ್ಲಿ, ಪೈಪು ಎಲ್ಲಾ ಅದರಲ್ಲೇ. ಜಾಸ್ತಿ ಓಡಾಟ ಚಾಕಣ, ಶಿರೂರು ಕಡೆ. ಆಗಾಗ ನಿಪ್ಪಾಣಿ, ಬೆಳಗಾವಿ ತನಕ ಹೋಗುವುದೂ ಇದೆ. ಖಂಬಾಟ್ಕಿ ಘಾಟ್ ದಾಟಿಯೇ ಹೋಗಬೇಕು.

ಟ್ರೈಲರ್ ಸೆಕೆಂಡ್ ಹ್ಯಾಂಡ್. ಕೊಂಡಾಗ ಇದ್ದ ಟೈರುಗಳೇ ಇನ್ನೂ ಇವೆ. 145/80 ಆರ್ 12, ಕಾರಿನ ಟೈರ್. ಬಟನ್, ಅಂದರೆ ರಸ್ತೆಗೆ ತಾಗುವ ಮೈಯ ಗೀರು, ಚೆನ್ನಾಗಿಯೇ ಇದೆ. ಆದರೆ ಮೊನ್ನೆ ತೊಳೆಯುವಾಗ ಬಲಗಡೆ ಟೈರಿನ ಒಳಮೈಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡಿತು. ಎಡಗಡೆಯದರಲ್ಲಿ ಸಣ್ಣ ಸಣ್ಣ ಬಿರುಕು.

ಅಂಗಡಿಯಲ್ಲಿ ಮೂರು ದಾರಿ ಹೇಳಿದರು: ಸೆಕೆಂಡ್ಸ್ ಕಾರ್ ಟೈರ್, ಹೊಸ ಕಾರ್ ಟೈರ್, ಇಲ್ಲವೇ ಸಣ್ಣ ಗೂಡ್ಸ್ ಗಾಡಿಗೆ ಹಾಕುವ ಎಲ್‌ಟಿ ಟೈರ್. ಯೂಟ್ಯೂಬ್ ನೋಡಿದರೆ ಎಲ್ಲರೂ ಎಸ್‌ಟಿ ಟೈರ್ ಹಾಕಿ ಅನ್ನುತ್ತಾರೆ. ಅದು ಇಲ್ಲಿ ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ. ಯಾವುದು ಹಾಕಿಸಲಿ?

ಕುರ್ಲಾ ಟೈರ್

ಮೊದಲು ಉಬ್ಬಿನ ವಿಷಯ. ಆ ಟೈರಿನಲ್ಲಿ ಇನ್ನು ಗಾಡಿ ಓಡಿಸಬೇಡಿ. ಅಂಗಡಿ ತನಕವೂ ಬೇಡ, ಚಕ್ರ ಬಿಚ್ಚಿ ತೆಗೆದುಕೊಂಡು ಹೋಗಿ. ಉಬ್ಬು ಬಂತು ಅಂದರೆ ಒಳಗಿನ ದಾರಗಳು ಹರಿದಿವೆ ಅಂತ ಅರ್ಥ. ಆ ಜಾಗದಲ್ಲಿ ಗಾಳಿಯನ್ನು ತಡೆದು ಹಿಡಿದಿರೋದು ಬರೀ ರಬ್ಬರ್. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. ಇಂಥದ್ದು ಘಾಟ್‌ನಲ್ಲಿ ಒಡೆದರೆ ಟ್ರೈಲರ್ ಪಕ್ಕಕ್ಕೆ ಎಳೆದು ಬೊಲೆರೊವನ್ನೂ ಅಲ್ಲಾಡಿಸುತ್ತದೆ.

ಇನ್ನು ಬಟನ್ ಚೆನ್ನಾಗಿದೆ ಅಂದಿರಿ. ಟ್ರೈಲರ್ ಟೈರ್ ಬಟನ್ ಸವೆದು ಸಾಯೋದು ಅಪರೂಪ. ಅದಕ್ಕೆ ಎಂಜಿನ್ ಎಳೆತ ಇಲ್ಲ, ಸ್ಟೀರಿಂಗ್ ಇಲ್ಲ, ಓಡಾಟವೂ ಕಡಿಮೆ. ಅದು ಸಾಯೋದು ವಯಸ್ಸಿನಿಂದ, ಬಿಸಿಲಿನಿಂದ, ಭಾರದಿಂದ. ಕಾನೂನಿನ ಲೆಕ್ಕಕ್ಕೆ 1.6 ಮಿಲಿಮೀಟರ್ ಬಟನ್ ಇದ್ದರೆ ಸಾಕು. ಆದರೆ ಹೊಸದರ ಹಾಗೆ ಕಾಣುವ ಹಳೇ ಟೈರ್ ನಿಜವಾಗಿ ಹಳೇದೇ.

ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ ಮೇಲೆ ಮೊಟ್ಟೆ ಆಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ನೇ ಇಸವಿಯ 23ನೇ ವಾರ. ಒಂದು ಮಗ್ಗುಲಲ್ಲಿ ಕಾಣದಿದ್ದರೆ ಇನ್ನೊಂದು ಮಗ್ಗುಲು ನೋಡಿ. ಹಾಗೇ ಅಳತೆಯ ಮುಂದೆ ಒಂದು ಅಂಕಿ, ಒಂದು ಅಕ್ಷರ ಇರುತ್ತದಲ್ಲ, ಅದನ್ನೂ ಬರೆದು ಹಾಕಿ.

ಭೋಸರಿ ಪಂಪ್‌ಸೆಟ್

ಚಕ್ರ ಬಿಚ್ಚಿಟ್ಟಿದ್ದೇವೆ. ಗೆಳೆಯರ ಹಳೇ ಚಕ್ರ ಒಂದನ್ನು ಸದ್ಯಕ್ಕೆ ಹಾಕಿದ್ದೇವೆ, ಖಾಲಿ ಟ್ರೈಲರ್ ಎಳೆಯೋಕೆ ಮಾತ್ರ. ನಾಲ್ಕು ಅಂಕಿ 4116. ಇನ್ನೊಂದು ಕಡೆ 74ಟಿ ಅಂತಿದೆ.

ಠಾಣೆ ರೋಡ್‌ಟ್ರಿಪ್

74 ಅಂದರೆ ಒಂದು ಟೈರಿಗೆ 375 ಕೆಜಿ. ಎರಡಕ್ಕೆ 750. ನಿಮ್ಮ ಟ್ರೈಲರ್ ಸಾಮಾನು ಸೇರಿ 700 ಆಸುಪಾಸು ಇರಬಹುದು ಅಲ್ವಾ? ಹಾಗಿದ್ದರೆ ಹೊಸ ಕಾರ್ ಟೈರೇ ಸಾಕು. ಈಗಿನದು 2016ರದ್ದು, ವಯಸ್ಸಾಗಿ ಹೋಗಿದೆ, ಅಷ್ಟೇ. ನಮ್ಮ ಕಡೆ ಎಲ್ಲರೂ ಕಾರ್ ಟೈರಿನಲ್ಲೇ ಓಡಿಸುತ್ತಾರೆ. ಗೂಡ್ಸ್ ಗಾಡಿ ಟೈರಿಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ?

ಹಡಪ್ಸರ್ ಎಂಜಿನಿಯರ್

ನಿಮ್ಮ ಲೆಕ್ಕದಲ್ಲಿ ಎರಡು ಊಹೆ ಇದೆ. ಒಂದು, ತೂಕ 700 ಅನ್ನೋದು. ಎರಡು, ಆ ತೂಕ ಎರಡೂ ಟೈರಿಗೆ ಸಮನಾಗಿ ಬೀಳುತ್ತದೆ ಅನ್ನೋದು. ಟ್ರೈಲರ್ ವಿಷಯದಲ್ಲಿ ಈ ಎರಡೂ ಊಹೆ ಕೈಕೊಡುತ್ತವೆ.

ಮೂರನೆಯದೂ ಇದೆ. ಕಾರ್ ಟೈರ್ ಮೇಲೆ ಬರೆದಿರುವ ಭಾರ ಕಾರಿನ ಲೆಕ್ಕದ್ದು. ಅದೇ ಟೈರನ್ನು ಟ್ರೈಲರ್‌ಗೆ ಹಾಕಿದರೆ ಆ ಭಾರವನ್ನು 1.10ರಿಂದ ಭಾಗಿಸಬೇಕು ಅಂತ ಅಮೆರಿಕದ ಸುರಕ್ಷತಾ ನಿಯಮ ಹೇಳುತ್ತದೆ. ನಮ್ಮ ರಸ್ತೆಗೂ ಅದನ್ನು ಪಾಲಿಸೋದು ಒಳ್ಳೆಯದು. ಟ್ರೈಲರ್‌ಗೆ ಶಾಕ್ ಅಬ್ಸಾರ್ಬರ್ ಇರಲ್ಲ, ಸ್ಪ್ರಿಂಗ್ ಗಡುಸು, ತಿರುವಿನಲ್ಲಿ ಅಡ್ಡ ಎಳೆತ ಜಾಸ್ತಿ. ಕಾರ್ ಟೈರಿನ ಸೈಡ್‌ವಾಲ್ ಮೆದು, ಅದನ್ನು ಮಾಡಿರೋದೇ ಕೂತವರಿಗೆ ಸುಖವಾಗಲಿ ಅಂತ. 375ನ್ನು 1.10ರಿಂದ ಭಾಗಿಸಿದರೆ ಸುಮಾರು 341 ಕೆಜಿ ಬರುತ್ತದೆ.

ಯಾವ ಟೈರ್ ಅಂತ ಕೇಳೋ ಮೊದಲು ವಜನ್ ಕಾಟಾಗೆ ಹೋಗಿ. ಚಾಕಣ ರಸ್ತೆಯಲ್ಲಿ ಎಷ್ಟೊಂದು ಇವೆ. ಕೆಲಸಕ್ಕೆ ಹೋಗುವಾಗ ಹೇಗೆ ತುಂಬುತ್ತೀರೋ ಹಾಗೇ ತುಂಬಿ, ಡೀಸೆಲ್ ಸಮೇತ. ಮೂರು ತೂಕ ತೆಗೆಸಿ. ಮೊದಲು ಬೊಲೆರೊದಿಂದ ಬಿಡಿಸಿ ಇಡೀ ಟ್ರೈಲರ್ ಕಾಟಾ ಮೇಲೆ. ಆಮೇಲೆ ಬೊಲೆರೊಗೆ ಸಿಕ್ಕಿಸಿ, ಬೊಲೆರೊ ಕಾಟಾದಿಂದ ಆಚೆ ನಿಂತಿರಬೇಕು, ಟ್ರೈಲರ್ ಚಕ್ರ ಮಾತ್ರ ಮೇಲಿರಬೇಕು. ಕೊನೆಗೆ ಒಂದೇ ಬದಿಯ ಚಕ್ರ ಕಾಟಾ ಮೇಲೆ, ಇನ್ನೊಂದು ಅದೇ ಮಟ್ಟದ ನೆಲದ ಮೇಲೆ. ಕಾಟಾದವರು ಮೂರನೇದಕ್ಕೆ ಮುಖ ಸಿಂಡರಿಸಬಹುದು. ಬಿಡಬೇಡಿ, ನಿಮ್ಮ ಉಬ್ಬಿನ ಉತ್ತರ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತಿದೆ.

ಡೊಂಬಿವಲಿ ಅಡುಗೆಮನೆ

ಮಧ್ಯೆ ಬಂದಿದ್ದಕ್ಕೆ ಬೇಸರ ಬೇಡ. ನಮ್ಮದು ಕೇಟರಿಂಗ್. ಮದುವೆ, ಯಕ್ಷಗಾನ, ಸಂಘದ ಕಾರ್ಯಕ್ರಮ ಅಂತ ಮುಂಬಯಿ ತುಂಬಾ ಪಾತ್ರೆ ಸಾಗಿಸಬೇಕು. ಎರಡು ಆಕ್ಸಲ್, ನಾಲ್ಕು ಚಕ್ರದ ಟ್ರೈಲರ್. ನಾಲ್ಕು ಟೈರ್ ಇರುವುದರಿಂದ ಭಾರದ ಚಿಂತೆ ಇಲ್ಲ ಅಂತ ಅಂದುಕೊಂಡಿದ್ದೇವೆ. ಆದರೆ ಟೈರ್ ಅಂಚು ಗರಗಸ ಹಿಡಿದ ಹಾಗೆ ಸವೆಯುತ್ತಿದೆ, ಅದೂ ಹಿಂದಿನ ಜೋಡಿಯದ್ದು. ಮಾಟುಂಗದ ಸಂದಿಗಳಲ್ಲಿ ರಿವರ್ಸ್ ತೆಗೆಯುವಾಗ ಕಿರ್ ಅಂತ ಸದ್ದೂ ಬರುತ್ತದೆ. ಟೈರ್ ಕೆಟ್ಟದ್ದಾ?

ಚಿಂಚವಡ ಫ್ಯಾಬ್ರಿಕೇಟರ್

ಟೈರ್ ತಪ್ಪಲ್ಲ ಅಕ್ಕ. ಎರಡು ಆಕ್ಸಲ್ ಹತ್ತಿರ ಹತ್ತಿರ ಇದ್ದು, ಯಾವುದೂ ತಿರುಗದೇ ಇದ್ದಾಗ, ಗಿಡ್ಡ ತಿರುವಿನಲ್ಲಿ ಒಂದು ಜೋಡಿ ಚಕ್ರ ಅಡ್ಡಡ್ಡ ಉಜ್ಜಿಕೊಂಡೇ ಹೋಗಬೇಕು. ನಿಂತಲ್ಲೇ ತಿರುಗಿಸುವಾಗ ಹಿಂದೆ ಹೋಗಿ ನೋಡಿ, ಸೈಡ್‌ವಾಲ್ ಬಾಗಿ ರಿಮ್ಮಿನ ಕಡೆ ಮಡಚಿಕೊಳ್ಳೋದು ಕಣ್ಣಿಗೇ ಕಾಣುತ್ತದೆ. ನಿಮಗೆ ಗಟ್ಟಿ ಸೈಡ್‌ವಾಲ್ ಇನ್ನೂ ಜಾಸ್ತಿ ಬೇಕು. ಕಾರ್ ಟೈರ್ ಹಾಕಬೇಡಿ.

ಹಿಂದಿನ ಜೋಡಿಯೇ ಜಾಸ್ತಿ ಸವೆಯುತ್ತಿದ್ದರೆ ಇನ್ನೊಂದು ನೋಡಿ. ಸಮತಟ್ಟು ನೆಲದಲ್ಲಿ ಗಾಡಿಗೆ ಸಿಕ್ಕಿಸಿ ನಿಲ್ಲಿಸಿ, ದೂರದಿಂದ ಪಕ್ಕದಲ್ಲಿ ನಿಂತು ನೋಡಿ. ಟ್ರೈಲರ್ ಮೂತಿ ಮೇಲೆ ಎದ್ದಿದ್ದರೆ ಭಾರ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಆಗ ನಾಲ್ಕು ಟೈರ್ ಇದ್ದೂ ಪ್ರಯೋಜನ ಇಲ್ಲ, ಎರಡೇ ಟೈರ್ ಭಾರ ಹೊರುತ್ತಿರುತ್ತವೆ. ಕೊಂಡಿಯ ಎತ್ತರ ಸರಿ ಮಾಡಿಸಿ.

ಡೊಂಬಿವಲಿ ಅಡುಗೆಮನೆ

ನೋಡಿದೆ. ಮೂತಿ ಚೆನ್ನಾಗಿಯೇ ಎದ್ದಿದೆ. ಗಾಡಿ ಬದಲಿಸಿದ ಮೇಲೆ ಕೊಂಡಿ ಹಾಗೇ ಉಳಿದಿತ್ತು. ತುಂಬಾ ಉಪಕಾರವಾಯಿತು.

ಭೋಸರಿ ಪಂಪ್‌ಸೆಟ್

ಕಾಟಾಗೆ ಹೋಗಿ ಬಂದೆ. ಇಡೀ ಟ್ರೈಲರ್ 720 ಕೆಜಿ. ಸಿಕ್ಕಿಸಿದ ಮೇಲೆ ಚಕ್ರಗಳ ಮೇಲೆ 650. ಬಲಗಡೆ ಚಕ್ರ 365, ಎಡಗಡೆ 285. ಜನರೇಟರ್ ಬಲಗಡೆ ಬೋಲ್ಟ್ ಮಾಡಿದ್ದಾರೆ. ಮೊದಲಿನ ಮಾಲೀಕರ ಕಾಲದಿಂದಲೂ ಹಾಗೇ ಇದೆ.

ಹಡಪ್ಸರ್ ಎಂಜಿನಿಯರ್

ನೋಡಿ ಈಗ. 720ರಲ್ಲಿ 70 ಕೆಜಿ ಕೊಂಡಿಯ ಮೇಲೆ, ಅಂದರೆ ಹೆಚ್ಚು ಕಡಿಮೆ ಶೇಕಡಾ 10. ಅದು ಸರಿಯಾಗಿದೆ. ಉಳಿದ 650ನ್ನು ಸಮನಾಗಿ ಹಂಚಿದ್ದರೆ ಟೈರಿಗೆ 325. 341ರ ಒಳಗೇ ಬರುತ್ತಿತ್ತು. ಆದರೆ ಬಲಗಡೆ 365 ಬಿದ್ದಿದೆ. ಟೈರ್ ಮೇಲಿನ 375 ನೋಡಿದವರಿಗೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. 341 ಹಾಕಿ ನೋಡಿದರೆ ಆ ಟೈರ್ ಪ್ರತಿದಿನ ಮಿತಿ ಮೀರಿ ಭಾರ ಹೊತ್ತಿದೆ. ಉಬ್ಬು ಬಲಗಡೆ ಟೈರಿನಲ್ಲೇ ಯಾಕೆ ಬಂತು ಅನ್ನೋದಕ್ಕೆ ಇಷ್ಟು ಸಾಕಲ್ವಾ? ಯಾವುದೋ ಗುಂಡಿಗೆ ಬಿದ್ದಾಗ ದಾರ ಹರಿದಿರಬಹುದು. ಆದರೆ ಮೊದಲೇ ದಣಿದಿದ್ದ ಟೈರ್ ಅದು.

ಟೈರ್ ಯಾವುದೇ ಹಾಕಿಸಿ, ಜನರೇಟರ್ ಜಾಗ ಮೊದಲು ಬದಲಿಸಿ. ಅಡ್ಡಗಲಕ್ಕೆ ಮಧ್ಯದಲ್ಲಿ, ಉದ್ದಕ್ಕೆ ಆಕ್ಸಲ್‌ನಿಂದ ಸ್ವಲ್ಪ ಮುಂದೆ. ಆಕ್ಸಲ್‌ನ ಹಿಂದಕ್ಕೆ ಮಾತ್ರ ಹಾಕಬೇಡಿ. ಕೊಂಡಿಯ ಮೇಲಿನ ಭಾರ ಕಡಿಮೆಯಾದರೆ ಇಳಿಜಾರಿನಲ್ಲಿ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ. ಯಾವ ಟೈರೂ ಅದನ್ನು ನಿಲ್ಲಿಸೋಲ್ಲ.

ಟೈರ್ ಆರಿಸುವಾಗ ಭಾರಿ ಬದಿಯ ತೂಕವನ್ನೇ ಲೆಕ್ಕಕ್ಕೆ ತಗೊಳ್ಳಿ. ಅದರ ಮೇಲೆ ಶೇಕಡಾ 20 ಸೇರಿಸಿ. 365ಕ್ಕೆ 438 ಆಯಿತು. ಸೈಡ್‌ವಾಲ್ ಮೇಲೆ 79 ಇದ್ದರೆ 437 ಕೆಜಿ, 82 ಇದ್ದರೆ 475, 84ಕ್ಕೆ 500, 86ಕ್ಕೆ 530.

ಠಾಣೆ ರೋಡ್‌ಟ್ರಿಪ್

ಒಪ್ಪಿದೆ. 1.10ರ ವಿಷಯ ನನಗೆ ಹೊಸದು. ಹಾಗಿದ್ದರೆ ಎಸ್‌ಟಿ, ಎಲ್‌ಟಿ, ಪ್ಲೈ ಇದೆಲ್ಲಾ ಯಾರಾದರೂ ಒಮ್ಮೆ ಬಿಡಿಸಿ ಹೇಳಿ. ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕುರ್ಲಾ ಟೈರ್

ಎಸ್‌ಟಿ ಅಂದರೆ ಟ್ರೈಲರ್‌ಗೆ ಅಂತಲೇ ಮಾಡಿದ ಟೈರ್. ಅಮೆರಿಕದ ಮಾರುಕಟ್ಟೆಯ ವರ್ಗ. ಸೈಡ್‌ವಾಲ್ ಗಡುಸು, ಎಳೆಯುವ ಗಾಡಿಗೆ ಹಾಕೋ ಹಾಗಿಲ್ಲ. ಅಲ್ಲಿ ಬಿ, ಸಿ, ಡಿ, ಇ ಅಂತ ಲೋಡ್ ರೇಂಜ್ ಹೇಳುತ್ತಾರೆ. ಅದು ನಮ್ಮ ಪ್ಲೈ ರೇಟಿಂಗ್‌ಗೆ (ಪಿಆರ್) ಸಮ: ಬಿ ಅಂದರೆ 4, ಸಿ ಅಂದರೆ 6, ಡಿ ಅಂದರೆ 8, ಇ ಅಂದರೆ 10. ವಿಡಿಯೋದಲ್ಲಿ ಲೋಡ್ ರೇಂಜ್ ಡಿ ಅಂದರೆ ನಮ್ಮ ಅಂಗಡಿಯ 8 ಪಿಆರ್ ಅಂತ ತಿಳಿದುಕೊಳ್ಳಿ. 8 ಪಿಆರ್ ಅಂದಾಕ್ಷಣ ಒಳಗೆ ಎಂಟು ಪದರ ಇರುತ್ತದೆ ಅಂತಲ್ಲ. ಹತ್ತಿ ದಾರದ ಕಾಲದ ಲೆಕ್ಕ ಅದು, ಈಗ ಬಲ ಹೇಳೋಕೆ ಮಾತ್ರ ಉಳಿದುಕೊಂಡಿದೆ.

ಎಲ್‌ಟಿ ಅಂದರೆ ಲೈಟ್ ಟ್ರಕ್. ಟಾಟಾ ಏಸ್‌ನಂಥ ಗಾಡಿಗೆ ಹಾಕುವ 145 ಆರ್ 12 ಎಲ್‌ಟಿ 8 ಪಿಆರ್ ಇದೆಯಲ್ಲ, ಅದು ಇದೇ ಜಾತಿ. ಭಾರ ಹೊರೋಕೇ ಮಾಡಿದ್ದು. ಅದಕ್ಕೆ 1.10ರ ಭಾಗಾಕಾರ ಬೇಕಿಲ್ಲ. ನಮ್ಮಲ್ಲಿ ಎಸ್‌ಟಿಗಾಗಿ ಅಲೆಯೋದು ಬೇಡ. ಎಲ್‌ಟಿ ಯಾವ ಊರಲ್ಲೂ ಸಿಗುತ್ತದೆ. ನಿಪ್ಪಾಣಿಯಲ್ಲಿ ರಾತ್ರಿ ಪಂಕ್ಚರ್ ಆಗಿ ಟೈರ್ ಹೋದರೆ ಬೆಳಿಗ್ಗೆ ಸಿಗಬೇಕು ಅಲ್ವಾ? ನನ್ನ ಪ್ರಕಾರ ಇದು ಸಣ್ಣ ವಿಷಯ ಅಲ್ಲ.

ಇನ್ನು ನೈಲಾನ್ ಮತ್ತು ರೇಡಿಯಲ್. ಅಂಗಡಿಯಲ್ಲಿ ನೈಲಾನ್ ಅನ್ನೋದು ದಾರ ಅಡ್ಡಡ್ಡ ಓರೆಯಾಗಿ ಹೆಣೆದ ಬಯಾಸ್ ಟೈರಿಗೆ. ಅದರ ಸೈಡ್‌ವಾಲ್ ಗಟ್ಟಿ, ಬೆಲೆ ಕಡಿಮೆ. ಕಲ್ಲು ಮುಳ್ಳಿನ ಸೈಟ್‌ನಲ್ಲೇ ಓಡುವ ಟ್ರೈಲರ್‌ಗೆ ಅದು ತಪ್ಪಲ್ಲ. ಆದರೆ ಹೆದ್ದಾರಿಯಲ್ಲಿ ಬೇಗ ಬಿಸಿಯಾಗುತ್ತದೆ. ಪುಣೆ–ಬೆಳಗಾವಿ ಓಡುವವರಿಗೆ ರೇಡಿಯಲ್ಲೇ ಸರಿ. ಒಂದು ಆಕ್ಸಲ್‌ನಲ್ಲಿ ಒಂದು ನೈಲಾನ್, ಒಂದು ರೇಡಿಯಲ್ ಮಾತ್ರ ಯಾವತ್ತೂ ಹಾಕಬೇಡಿ.

ಸೆಕೆಂಡ್ಸ್ ಬೇಡವೇ ಬೇಡ. ಹೊರಗೆ ಪಾಲಿಶ್ ಹಚ್ಚಿ ಮಿರಿಮಿರಿ ಮಾಡಿಟ್ಟಿರುತ್ತಾರೆ, ಒಳಗಿನ ದಾರದ ಕಥೆ ಯಾರಿಗೂ ಗೊತ್ತಿರಲ್ಲ. ಕಂಪನಿ ಯಾವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಐಎಸ್‌ಐ ಗುರುತು ಇರಲಿ. ಗೂಡ್ಸ್ ಗಾಡಿ ಟೈರಿಗೆ ಅದರ ಜೊತೆ ಐಎಸ್ 15636 ಅಂತ ಇರುತ್ತದೆ, ಕಾರ್ ಟೈರಿಗೆ 15633. ಕಾರ್ ಟೈರನ್ನೇ ಗೂಡ್ಸ್ ಟೈರ್ ಅಂತ ಕೊಡುತ್ತಿದ್ದಾರಾ ಅನ್ನೋದು ಇದರಲ್ಲೇ ಗೊತ್ತಾಗುತ್ತದೆ.

ಚಿಂಚವಡ ಫ್ಯಾಬ್ರಿಕೇಟರ್

ಟೈರ್ ಬಗ್ಗೆ ಎಲ್ಲಾ ಬಂತು, ರಿಮ್ ಬಗ್ಗೆ ಯಾರೂ ಹೇಳಲಿಲ್ಲ. ಕಾರಿನ ರಿಮ್ ಮೇಲೆ ಎಲ್‌ಟಿ ಟೈರ್ ಕೂರುತ್ತದೆ, ಅಳತೆ ಒಂದೇ. ಆದರೆ ಆ ರಿಮ್ ಮಾಡಿದ್ದು 30 ಪಿಎಸ್‌ಐ ಆಸುಪಾಸಿನ ಗಾಳಿಯ ಒತ್ತಡಕ್ಕೆ. 8 ಪಿಆರ್ ಟೈರಿಗೆ ಅದರ ಎರಡರಷ್ಟು ತುಂಬಬೇಕಾಗಬಹುದು. ರಿಮ್ಮಿಗೂ ಭಾರದ ಮಿತಿ, ಗಾಳಿಯ ಮಿತಿ ಇದೆ. ಗೂಡ್ಸ್ ಗಾಡಿಯ ರಿಮ್ಮೇ ಹಾಕಿಸಿ. ಹಬ್‌ನ ಬೋಲ್ಟ್ ಅಂತರ, ನಡುವಿನ ರಂಧ್ರ ಎರಡನ್ನೂ ಅಳೆದುಕೊಂಡು ಹೋಗಿ. ಹೊಂದದಿದ್ದರೆ ಹಬ್ ಬದಲಿಸೋಣ. ರಂಧ್ರ ಕೊರೆದು ದೊಡ್ಡದು ಮಾಡಿಸೋ ಕೆಲಸಕ್ಕೆ ಹೋಗಬೇಡಿ.

ವಾಲ್ವ್ ಕೂಡ ನೋಡಿ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐ ತನಕ. ಅದರ ಅಂಚಿನಲ್ಲಿ ಓಡಿಸುವವರು ಲೋಹದ ವಾಲ್ವ್ ಹಾಕಿಸಿ. ಹಾಗೇ ಚಕ್ರ ಬಿಚ್ಚಿದಾಗ ಬೇರಿಂಗ್ ತೆಗೆಸಿ ಹೊಸ ಗ್ರೀಸ್ ತುಂಬಿಸಿ. ಬೇರಿಂಗ್ ಬಿಸಿಯಾಗಿ ಚಕ್ರವೇ ಕಳಚಿ ಬಿದ್ದರೆ ಒಳ್ಳೆ ಟೈರ್ ಏನು ಮಾಡುತ್ತದೆ?

ವಾಸ್ಕೊ ದೋಣಿ

ಗೋವಾದಿಂದ ನಮಸ್ಕಾರ. ನಾವು ದೋಣಿ ಟ್ರೈಲರ್ ನೋಡಿಕೊಳ್ಳುವವರು. ನಮ್ಮಲ್ಲಿ ಟೈರ್ ಕೆಡೋದು ಓಡಿ ಅಲ್ಲ, ನಿಂತು. ಮಳೆಗಾಲ ಬಂತೆಂದರೆ ಜೂನ್‌ನಿಂದ ಟ್ರೈಲರ್‌ಗಳು ಹಾಗೇ ನಿಲ್ಲುತ್ತವೆ. ದೋಣಿಯ ಪೂರ್ತಿ ಭಾರ ಟೈರಿನ ಒಂದೇ ಜಾಗದ ಮೇಲೆ ತಿಂಗಳುಗಟ್ಟಲೆ. ಮತ್ತೆ ಎಳೆದಾಗ ದಡಬಡ ದಡಬಡ ಅಂತ ಕುಣಿಯುತ್ತದೆ. ನೈಲಾನ್ ಟೈರಿನಲ್ಲಿ ಇದು ಇನ್ನೂ ಜಾಸ್ತಿ.

ನಾವು ಮಾಡೋದು ಇಷ್ಟು. ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರ ನೆಲದಿಂದ ಎತ್ತುತ್ತೇವೆ. ಟೈರಿಗೆ ಬಟ್ಟೆಯ ಹೊದಿಕೆ, ಬಿಸಿಲು ಬೀಳಬಾರದು. ಹೊಳಪಿನ ಎಣ್ಣೆ, ಡೀಸೆಲ್ ಏನೂ ಹಚ್ಚಬೇಡಿ, ರಬ್ಬರ್ ಒಣಗುತ್ತದೆ. ರ‍್ಯಾಂಪ್‌ಗೆ ಬಂದ ತಕ್ಷಣ ನೀರಿಗೆ ಇಳಿಸೋಲ್ಲ, ಹಬ್ ತಣ್ಣಗಾಗಲಿ ಅಂತ ಕಾಯುತ್ತೇವೆ. ಬಿಸಿ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನೇ ಎಳೆದುಕೊಳ್ಳುತ್ತದೆ. ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ರಿಮ್ ತೊಳೆಯಲೇಬೇಕು. ರಿಮ್ಮಿನ ಅಂಚು ತುಕ್ಕು ಹಿಡಿದರೆ ಟ್ಯೂಬ್‌ಲೆಸ್ ಟೈರ್ ಅಲ್ಲಿಂದಲೇ ಸಣ್ಣಗೆ ಗಾಳಿ ಬಿಡುತ್ತದೆ. ಪಂಕ್ಚರ್ ಅಂಗಡಿಯವರು ಮೊಳೆ ಹುಡುಕುತ್ತಾ ಕೂರುತ್ತಾರೆ.

ಭೋಸರಿಯವರೇ, ಎಡಗಡೆ ಟೈರಿನ ಬಿರುಕು ನಮಗೆ ದಿನಾ ಕಾಣುವಂಥದ್ದು. ಬಿಸಿಲು ಮತ್ತು ಓಝೋನ್ ಸೇರಿ ಮಾಡುವ ಕೆಲಸ. 2016ರ ಟೈರ್ ಅದು, ಎರಡನ್ನೂ ತೆಗೆದುಬಿಡಿ. ಐದು ವರ್ಷ ದಾಟಿದ ಟ್ರೈಲರ್ ಟೈರನ್ನು ನಾವು ದೂರದ ದಾರಿಗೆ ಕಳಿಸೋಲ್ಲ, ಬಟನ್ ಎಷ್ಟೇ ಇರಲಿ.

ಭೋಸರಿ ಪಂಪ್‌ಸೆಟ್

ಎಲ್ಲರ ಮಾತೂ ಬರೆದಿಟ್ಟುಕೊಂಡು ಅಂಗಡಿಗೆ ಹೋದೆ. 145 ಆರ್ 12 ಎಲ್‌ಟಿ 8 ಪಿಆರ್ ರೇಡಿಯಲ್ ತಗೊಂಡೆ. ಸೈಡ್‌ವಾಲ್ ಮೇಲೆ 86/84 ಅಂತಿದೆ. ಎರಡು ಅಂಕಿ ಯಾಕೆ? ಮೊದಲು ಕೊಟ್ಟ ಜೋಡಿಯಲ್ಲಿ ಒಂದು ಹೊಸದು, ಇನ್ನೊಂದು ಮೂರು ವರ್ಷ ಹಳೇದು. ನಾಲ್ಕು ಅಂಕಿ ತೋರಿಸಿದ ಮೇಲೆ ಬದಲಿಸಿ ಕೊಟ್ಟರು. ಜನರೇಟರ್ ಮಧ್ಯಕ್ಕೆ ತಂದಿದ್ದೇವೆ. ಈಗ ಕಾಟಾದಲ್ಲಿ ಬಲಗಡೆ 330, ಎಡಗಡೆ 320.

ಗಾಳಿ ಎಷ್ಟು ತುಂಬಲಿ? ಅಂಗಡಿಯಲ್ಲಿ 65 ತುಂಬಿದರು. ಖಾಲಿ ಇದ್ದಾಗ ಚೆಂಡಿನ ಥರ ಪುಟಿಯುತ್ತಿದೆ. ಪಕ್ಕದ ಪಂಕ್ಚರ್ ಅಂಗಡಿಯವರು 30ಕ್ಕೆ ಇಳಿಸಿ ಅನ್ನುತ್ತಾರೆ.

ಹಡಪ್ಸರ್ ಎಂಜಿನಿಯರ್

ಮೊದಲ ಅಂಕಿ ಆಕ್ಸಲ್‌ನ ಒಂದು ಬದಿಗೆ ಒಂದೇ ಚಕ್ರ ಇದ್ದಾಗ, ಎರಡನೆಯದು ಒಂದೇ ಬದಿಗೆ ಎರಡು ಚಕ್ರ ಜೋಡಿಯಾಗಿ ಇದ್ದಾಗ. ನಿಮ್ಮದು ಒಂಟಿ, ಹಾಗಾಗಿ 86, 530 ಕೆಜಿ.

30ಕ್ಕೆ ಇಳಿಸಬೇಡಿ. ಟೈರ್ ಭಾರ ಹೊರೋದು ರಬ್ಬರಿನಿಂದ ಅಲ್ಲ, ಒಳಗಿನ ಗಾಳಿಯಿಂದ. 530 ಕೆಜಿ ಅನ್ನೋದು ಪೂರ್ತಿ ಗಾಳಿ ಇದ್ದಾಗಿನ ಮಾತು. ಗಾಳಿ ಕಡಿಮೆ ಮಾಡಿದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಒಳಗಿನ ಪದರ ಬಿಡುತ್ತದೆ. ಮೇ ತಿಂಗಳ ಮಧ್ಯಾಹ್ನ ಹೆದ್ದಾರಿಯಲ್ಲಿ ಟ್ರೈಲರ್ ಟೈರ್ ಒಡೆಯೋದು ಬಹಳ ಸಲ ಹೀಗೇ.

ಹಾಗಂತ ನಿಮ್ಮ ಭಾರಕ್ಕೆ 65ರ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಯಾವ ಭಾರಕ್ಕೆ ಎಷ್ಟು ಗಾಳಿ ಅನ್ನುವ ಪಟ್ಟಿ ಟೈರ್ ಕಂಪನಿಯ ಹತ್ತಿರ ಇರುತ್ತದೆ, ಡೀಲರ್ ಹತ್ತಿರ ಕೇಳಿ ತಗೊಳ್ಳಿ. 330ಕ್ಕೆ ಶೇಕಡಾ 20 ಸೇರಿಸಿ, ಆ ಸಾಲಿನಲ್ಲಿ ಏನಿದೆಯೋ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಕುರ್ಲಾ ಟೈರ್

ಇಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಪಟ್ಟಿ ಕೈಗೆ ಸಿಗೋ ತನಕ ಸೈಡ್‌ವಾಲ್ ಮೇಲಿನ ಗರಿಷ್ಠ ಗಾಳಿಯೇ ಇರಲಿ. ಪುಟಿಯೋದು ಖಾಲಿ ಇದ್ದಾಗ ತಾನೇ? ಸಾಮಾನು ಬಿಗಿಯಾಗಿ ಕಟ್ಟಿದರೆ ಮುಗಿಯಿತು. ಕಡಿಮೆ ಗಾಳಿಯ ಅಪಾಯದ ಮುಂದೆ ಆ ಕುಲುಕಾಟ ಏನೂ ಅಲ್ಲ.

ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಿರಿ. ಸಾತಾರಾದಲ್ಲಿ ಚಹಾಕ್ಕೆ ನಿಂತಾಗ ಅಳೆದರೆ ಜಾಸ್ತಿಯೇ ತೋರಿಸುತ್ತದೆ. ಆಗ ಗಾಳಿ ಬಿಡಬೇಡಿ. ಅಲ್ಲಿ ನಿಂತಾಗ ಮಾಡಬೇಕಾದ್ದು ಬೇರೆ: ಎರಡೂ ಟೈರ್, ಎರಡೂ ಹಬ್ ಹತ್ತಿರ ಕೈ ಒಯ್ದು ನೋಡಿ. ಒಂದು ಬದಿ ಇನ್ನೊಂದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಅಲ್ಲೇ ಕಾರಣ ಹುಡುಕಿ.

ಭೋಸರಿ ಪಂಪ್‌ಸೆಟ್

ಪಟ್ಟಿ ಸಿಗೋ ತನಕ 65 ಇಟ್ಟಿರುತ್ತೇನೆ. ಸ್ಟೆಪ್ನಿ ಒಂದು ಉಳಿದಿದೆ. ಬೊಲೆರೊ ಸ್ಟೆಪ್ನಿ ಇದಕ್ಕೆ ಆಗೋಲ್ಲ. ಹಳೇ ಕಾರ್ ಟೈರ್ ಚಕ್ರವನ್ನೇ ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದಾ? ಎತ್ತರ ಹತ್ತಿರ ಹತ್ತಿರ ಒಂದೇ ಇದೆ.

ಚಿಂಚವಡ ಫ್ಯಾಬ್ರಿಕೇಟರ್

ಬೇಡ. ಸ್ಟೆಪ್ನಿ ಹಾಕುವಾಗಲೂ ಟ್ರೈಲರ್ ತುಂಬಿರುತ್ತದೆ, ದಾರಿಯೂ ಉಳಿದಿರುತ್ತದೆ. ಅದೇ ಅಳತೆಯ, ಅದೇ ಪಿಆರ್‌ನ ಮೂರನೇ ಚಕ್ರ ಕಟ್ಟಿಸಿ. ನಿಮ್ಮ ಹಬ್ ನಾನು ನೋಡಿದ್ದೇನೆ, ರಿಮ್ ಹುಡುಕಿಕೊಡುತ್ತೇನೆ. ಸ್ಟೆಪ್ನಿಯನ್ನು ಬಿಸಿಲಿಗೆ ಒಡ್ಡಿ ಮೂತಿಗೆ ಕಟ್ಟಬೇಡಿ, ತಳದಲ್ಲಿ ಕೂರಿಸೋ ಕ್ಲಾಂಪ್ ಮಾಡಿಕೊಡೋಣ.

ಜ್ಯಾಕ್ ಒಮ್ಮೆ ಪರೀಕ್ಷೆ ಮಾಡಿ. ಬೊಲೆರೊ ಜ್ಯಾಕ್ ಎತ್ತರದ ಗಾಡಿಯದ್ದು, ಗಾಳಿ ಹೋದ ಟ್ರೈಲರ್‌ನ ಆಕ್ಸಲ್ ಕೆಳಗೆ ತೂರದೇ ಇರಬಹುದು. ಅಂಗಳದಲ್ಲೇ ಒಂದು ಬದಿ ಗಾಳಿ ಬಿಟ್ಟು ನೋಡಿಬಿಡಿ. ಚಕ್ರ ಬಿಚ್ಚುವಾಗ ಬೊಲೆರೊದಿಂದ ಕೊಂಡಿ ಬಿಡಿಸಬೇಡಿ, ಇನ್ನೊಂದು ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಹೊಸ ಚಕ್ರ ಹಾಕಿದ ಮೇಲೆ ನಟ್ ಒಂದು ಸಲ ಬಿಗಿ ಮಾಡಿ ಬಿಡೋದಲ್ಲ. 50–80 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್ ಪಾನಾ ಹಾಕಿ ನೋಡಬೇಕು. ಶಿರೂರಿಗೆ ಹೋಗಿ ಬಂದ ದಿನವೇ ಅಂಗಡಿ ಕಡೆ ಬನ್ನಿ, ಕ್ಲಾಂಪ್‌ಗೆ ಅಳತೆಯನ್ನೂ ತಗೊಳ್ಳುತ್ತೇನೆ.